ಮರಿಯಕ್ಕನ ಮೇವು ಆರಿದ ಮೇಲೆ

ಮೀನು ಸಾಕುವವರಿಗೆಲ್ಲ ಈ ಸಂಕಟ ಗೊತ್ತು. ತೊಟ್ಟಿಯಲ್ಲಿರುವಷ್ಟು ದಿನ ಮರಿಗಳು ಚೆನ್ನಾಗಿಯೇ ಇರುತ್ತವೆ. ಮೇವು ಎರಚಿದರೆ ಮುತ್ತಿಕೊಳ್ಳುತ್ತವೆ, ಮೇಲೆ ನೆರಳು ಬಿದ್ದರೆ ಚದುರಿ ಓಡುತ್ತವೆ. ಬಲೆ ಎಳೆದು, ಎಣಿಸಿ, ಚೀಲಕ್ಕೆ ತುಂಬಿ, ಇನ್ನೊಂದು ಕೊಳಕ್ಕೆ ಬಿಟ್ಟಾಗಲೂ ಬಾಲ ಬಡಿದುಕೊಂಡೇ ಹೋಗುತ್ತವೆ. ಬಿಟ್ಟವರು ಕೈ ಒರೆಸಿಕೊಂಡು ನೆಮ್ಮದಿಯಾಗಿ ಮನೆಗೆ ಬರುತ್ತಾರೆ. ಮೂರನೆಯ ದಿನ ಹೋಗಿ ನೋಡಿದರೆ ಹೊಟ್ಟೆ ಮೇಲೆ ಮಾಡಿಕೊಂಡು ದಡಕ್ಕೆ ಬಂದು ಸೇರಿರುತ್ತವೆ. ನೀರು ಕೆಟ್ಟಿತ್ತು, ಚೀಲ ಹಳೆಯದಿತ್ತು, ಲಾರಿಯವನು ತಡ ಮಾಡಿದ ಎಂಬ ಜಗಳ ಅಲ್ಲಿಂದ ಶುರು.

ಮರಿಯಕ್ಕನಿಗೂ ಹೀಗೇ ಆಯಿತು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಆದರೆ ಮೀನುಮರಿ ಸಾಕಿ ಮಾರುವ ಕೆಲಸ ಹಿಡಿದ ಮೇಲೆ ಆ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ಅದಕ್ಕೂ ಮೊದಲು ಅವಳು ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ವಾರ್ಡಿನ ನೆಲ ಒರೆಸುವುದು, ಹಾಸಿಗೆಯ ಬಟ್ಟೆ ಕುದಿಸುವುದು, ಕತ್ತರಿ ಚಿಮಟಗಳನ್ನು ಬೇಯಿಸಿ ತಟ್ಟೆಯಲ್ಲಿ ಸಾಲಾಗಿ ಜೋಡಿಸುವುದು ಅವಳ ಕೆಲಸ. ನಿವೃತ್ತಿಯಾದಾಗ ಕೆಲಸ ಬಿಟ್ಟು ಬಂದಳೇ ಹೊರತು ಆಸ್ಪತ್ರೆಯನ್ನು ಬಿಟ್ಟು ಬರಲಿಲ್ಲ. ಅವಳ ಮನೆಗೆ ಹೋದವರು ಚಪ್ಪಲಿ ಬಿಟ್ಟರೆ ಸಾಲದು, ಕಾಲು ತೊಳೆಯಬೇಕು. ಕಾಲು ತೊಳೆದರೂ ಸಾಲದು, ಒರೆಸಿಕೊಂಡು ಒಳಗೆ ಬರಬೇಕು. ನಾನೇ ಎರಡು ಸಲ ಬಾಗಿಲಿನಿಂದ ವಾಪಸು ಹೋಗಿ ತೊಳೆದುಕೊಂಡು ಬಂದಿದ್ದೇನೆ.

ಮನೆಯ ಹಿಂದೆ ಎರಡು ಸಿಮೆಂಟ್ ತೊಟ್ಟಿಗಳು. ಪಕ್ಕದಲ್ಲಿ ತಗಡಿನ ಚಾವಣಿಯ ಒಂದು ಗೂಡು. ಅದು ಮೇವು ಬೇಯಿಸುವ ಜಾಗ. ಒಂದು ಒಲೆ, ಒಂದು ದೊಡ್ಡ ಪಾತ್ರೆ, ತೌಡು ಮತ್ತು ಹಿಂಡಿಯ ಡಬ್ಬಗಳು, ಮೊಳೆಗೆ ನೇತುಹಾಕಿದ ಸೌಟು. ಅಲ್ಲಿಗೆ ಬೇರೆಯವರಿಗೆ ಪ್ರವೇಶವಿಲ್ಲ. ಗಂಡನಿಗಂತೂ ಖಂಡಿತ ಇಲ್ಲ. ಗಂಡ ಟೈಲರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಮನುಷ್ಯ. ಯಂತ್ರದ ಎಣ್ಣೆ ಬೆರಳಿಗೆ ಅಂಟಿರುತ್ತದೆ, ದಾರದ ಚೂರು ತೋಳಿಗೆ ಅಂಟಿರುತ್ತದೆ ಎನ್ನುವುದು ಅವಳ ದೂರು. ಮೀನು ಹಿಡಿದಿಡುವ ಸಣ್ಣ ಕಣ್ಣಿನ ಬಲೆಯ ತೊಟ್ಟಿಲುಗಳನ್ನು ಹೊಲಿದುಕೊಟ್ಟವನೂ ಅವನೇ. ಅವನ್ನು ಹೊಲಿದ ಮೇಲೆ ಅವಳು ಕುದಿಯುವ ನೀರಿಗೆ ಅದ್ದಿಯೇ ಬಳಸಿದಳು.

ಈ ಮನೆಯಲ್ಲಿ ಇನ್ನೊಂದು ವಿಶೇಷ ಉಂಟು. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮರಿಯಕ್ಕನಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸವಿತ್ತಲ್ಲ, ಒಂದು ವಾರ ಹಗಲಾದರೆ ಇನ್ನೊಂದು ವಾರ ರಾತ್ರಿ. ಹಾಗಾಗಿ ಹಾಲು ಕಾಯಿಸಿ ಹೆಪ್ಪು ಹಾಕುವ ಕೆಲಸ ಮೊದಲಿನಿಂದಲೂ ಟೈಲರದ್ದು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಮೊಸರು ತಿಂದದ್ದುಂಟು, ಮಾಡಿದ್ದಿಲ್ಲ.

ಅವಳ ತಮ್ಮ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ಗೂಡಿಗೆ ಮಣ್ಣು ತೆಗೆದು ತೆಗೆದು ಒಂದು ದೊಡ್ಡ ಹೊಂಡವಾಗಿತ್ತು, ನೀರು ತುಂಬಿತ್ತು. ಗೂಡು ನಡೆಯದ ತಿಂಗಳುಗಳಲ್ಲಿ ಕೈಗೊಂದು ಕೆಲಸ ಬೇಕೆಂದು ಅವನು ಹೊಂಡದ ಅಂಚು ಸರಿ ಮಾಡಿ ಮೀನು ಬಿಡಲು ಹೊರಟ. ಬೇರೆ ಯಾರಲ್ಲೂ ಕೇಳಲಿಲ್ಲ, ನೇರ ಅಕ್ಕನ ಹತ್ತಿರ ಬಂದ. ಅವನಿಗೆ ಈಜು ಕಲಿಸಿದವಳೂ ಅವಳೇ, ಶಾಲೆಗೆ ಕೈಹಿಡಿದು ಕರೆದುಕೊಂಡು ಹೋದವಳೂ ಅವಳೇ. ಅಕ್ಕನ ಮರಿ ಎಂದರೆ ಎರಡು ಮಾತಿಲ್ಲ ಎಂದುಕೊಂಡಿದ್ದ.

ಮರಿಗಳನ್ನು ಬಿಟ್ಟ ಮೂರನೆಯ ದಿನ ಬೆಳಿಗ್ಗೆ ಅವನು ಒಂದು ಹಸಿರು ಬಕೆಟ್ಟು ಹಿಡಿದುಕೊಂಡು ಬಂದ. ಮೆಟ್ಟಿಲ ಮೇಲೆ ಇಟ್ಟು ಮುಚ್ಚಳ ತೆಗೆದ. ಬಕೆಟ್ಟು ತುಂಬ ಸತ್ತ ಮರಿಗಳು. ತಮ್ಮ ಕೂಗಾಡಿದ್ದರೆ ಮರಿಯಕ್ಕನೂ ನಾಲ್ಕು ಮಾತು ಆಡುತ್ತಿದ್ದಳು. ಅವನು ಕೂಗಾಡಲಿಲ್ಲ.

“ಅಕ್ಕ, ಇನ್ನೊಂದು ಸಲ ನಿನ್ನ ಹತ್ರಾನೇ ತಗೋತೀನಿ,” ಎಂದ. “ಆಗಲೂ ಹೀಗೇ ಆದ್ರೆ ಬೇರೆ ಕಡೆ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡ.”

ಬೇಜಾರು ಮಾಡಿಕೊಳ್ಳಬೇಡ ಎಂದದ್ದೇ ಅವಳಿಗೆ ಹೆಚ್ಚು ನಾಟಿತು. ಊರೆಲ್ಲ ಬಂದು ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು, ತಮ್ಮ ಮೆಲ್ಲಗೆ ಆಡಿದ ಮಾತು ತಡೆಯಲಾಗಲಿಲ್ಲ. ಅವನ ಬಕೆಟ್ಟನ್ನು ಮೂರು ಸಲ ಬ್ಲೀಚಿಂಗ್ ಪುಡಿ ಹಾಕಿ ತೊಳೆದು ಒಣಗಿಸಿ ಮರುದಿನ ಟೈಲರ ಕೈಲಿ ಕಳಿಸಿದಳು. ಬಕೆಟ್ಟು ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತವಳು ತುತ್ತು ಕಲಸಿ ಹಾಗೇ ಎದ್ದಳು.

ಮೀನುಗಾರಿಕೆ ಇಲಾಖೆಯಿಂದ ವಾರಕ್ಕೊಮ್ಮೆ ಒಬ್ಬ ಅಧಿಕಾರಿ ಆ ಕಡೆ ಬರುತ್ತಾರೆ. ಎಲ್ಲರೂ ಅವರನ್ನು ಮೀನು ಮೇಡಂ ಎನ್ನುತ್ತಾರೆ. ಮರಿಯಕ್ಕ ಮೀನು ಸಾಕುವವರ ಸಂಘದ ಸಭೆಯಲ್ಲಿ ಅವರನ್ನು ಹಿಡಿದು ಮನೆಗೆ ಕರೆತಂದಳು. ಮೇಡಂ ಕಾಲು ತೊಳೆದು, ಒರೆಸಿಕೊಂಡು, ಹಿತ್ತಿಲಿಗೆ ಬಂದರು. ತೊಟ್ಟಿಯ ನೀರು ತೆಗೆದು ಸಣ್ಣ ಬಾಟಲಿಯಲ್ಲಿ ಪರೀಕ್ಷಿಸಿದರು. ನೀರಿನಲ್ಲಿ ತೊಂದರೆ ಇಲ್ಲ ಎಂದರು. ಇಟ್ಟಿಗೆ ಹೊಂಡದ ನೀರನ್ನೂ ನೋಡಿ ಬಂದರು, ಅಲ್ಲಿಯೂ ಅಂಥ ದೋಷವಿರಲಿಲ್ಲ. ತೊಟ್ಟಿಯಲ್ಲಿ ಮರಿ ಸ್ವಲ್ಪ ಕಿಕ್ಕಿರಿದಿವೆ, ಅದನ್ನು ಕಡಿಮೆ ಮಾಡಿ ಎಂದರು. ಆಮೇಲೆ ತೊಟ್ಟಿಗೆ ಏನೇನು ಹಾಕುತ್ತೀರಿ ಎಂದು ಕೇಳಿದರು.

ಇದನ್ನೇ ಕೇಳಲಿ ಎಂದು ಕಾದಿದ್ದವಳಂತೆ ಮರಿಯಕ್ಕ ಪಟ್ಟಿ ಒಪ್ಪಿಸಿದಳು. ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ, ಮೀನು ಸಾಯದ ಹಾಗೆ ಅಳತೆ ನೋಡಿ. ಮರಿ ಚೀಲಕ್ಕೆ ತುಂಬುವ ಮೊದಲು ನೇರಳೆ ಬಣ್ಣದ ಔಷಧಿ ನೀರಿನಲ್ಲಿ ಅದ್ದುವುದು. ಬಲೆ, ಬಕೆಟ್ಟು, ಸೌಟು ಎಲ್ಲ ಕುದಿಸುವುದು. ಇಡೀ ಜಿಲ್ಲೆಯಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಮೀನು ಸಾಕಿರಲಿಕ್ಕಿಲ್ಲ ಎಂಬ ಹೆಮ್ಮೆ ಮುಖದಲ್ಲಿತ್ತು.

ಮೇಡಂ ಸಮಾಧಾನವಾಗಿ ಕೂತು ವಿವರಿಸಿದರು. ಬಲೆ, ಬಕೆಟ್ಟು ಚೊಕ್ಕವಿರಬೇಕು, ಅದು ಸರಿ. ಆದರೆ ಬಲೆಗೆ ಸಿಕ್ಕ ಮೀನಿಗೆ ಜೀವಭಯ. ಎಳೆದಾಟ, ಎಣಿಕೆ, ಚೀಲದ ಇಕ್ಕಟ್ಟು, ಹೊಸ ನೀರು. ಆ ಗಾಬರಿಯಲ್ಲಿ ಮೀನಿನ ಮೈ ರೋಗ ತಡೆಯುವ ಕೆಲಸವನ್ನು ಸಡಿಲ ಬಿಡುತ್ತದೆ. ಬಲೆಯಲ್ಲಿ ಬದುಕಿಕೊಂಡ ಮೀನು ಎರಡು ಮೂರು ದಿನ ಬಿಟ್ಟು ಸಾಯುವುದು ಅದಕ್ಕೇ. ಮೊದಲೇ ನೀರಿನಲ್ಲಿದ್ದ ಕೆಟ್ಟ ಕ್ರಿಮಿ ಆ ಹೊತ್ತು ನೋಡಿಕೊಂಡು ಒಳಗೆ ನುಗ್ಗುತ್ತದೆ. ಇದಕ್ಕೆ ಒಂದು ಉಪಾಯವೆಂದರೆ ಬಲೆ ಹಾಕುವುದಕ್ಕೆ ಒಂದು ತಿಂಗಳು ಮುಂಚಿನಿಂದಲೇ ಮೇವಿನಲ್ಲಿ ಪ್ರೋಬಯಾಟಿಕ್ ಕೊಡುವುದು. ಅಂದರೆ ಮೀನಿನ ಹೊಟ್ಟೆಗೆ ಬೇಕಾದ ಒಳ್ಳೆಯ ಸೂಕ್ಷ್ಮಜೀವಿಗಳು, ಪುಡಿಯ ರೂಪದಲ್ಲಿ.

ಮರಿಯಕ್ಕ ಅಲ್ಲಿಯವರೆಗೆ ತಲೆ ಆಡಿಸುತ್ತಿದ್ದಳು. ಈ ಮಾತಿಗೆ ತಲೆ ನಿಂತಿತು.

“ಇಪ್ಪತ್ತಾರು ವರ್ಷ ಕ್ರಿಮಿ ಕೊಂದು ಸಂಬಳ ತಗೊಂಡೋಳು ನಾನು,” ಎಂದಳು. “ಈಗ ನೀವು ಅದನ್ನೇ ಪ್ಯಾಕೆಟ್‌ನಲ್ಲಿ ತಂದು ಮೀನಿಗೆ ತಿನ್ನಿಸು ಅಂತೀರಲ್ಲ, ಮೇಡಂ.”

ಮೇಡಂ ನಗಲಿಲ್ಲ. ವಾರ್ಡಿನಲ್ಲಿ ಜೋರಾದ ಆಂಟಿಬಯಾಟಿಕ್ ಕೊಟ್ಟ ರೋಗಿಗಳಲ್ಲಿ ಕೆಲವರಿಗೆ ಹೊಟ್ಟೆ ಕೆಡುತ್ತಿತ್ತಲ್ಲ, ನೋಡಿದ್ದೀರಾ ಎಂದು ಕೇಳಿದರು. ಮರಿಯಕ್ಕ ನೋಡಿದ್ದಳು, ಆ ಹಾಸಿಗೆಗಳನ್ನು ಬದಲಾಯಿಸಿದವಳೇ ಅವಳು. ಆಗ ಕೆಲವರಿಗೆ ಡಾಕ್ಟರು ಒಂದು ಸಣ್ಣ ಕ್ಯಾಪ್ಸೂಲ್ ಬರೆದುಕೊಡುತ್ತಿದ್ದರಲ್ಲ? ಬರೆಯುತ್ತಿದ್ದರು. ನರ್ಸು ಕೊಟ್ಟದ್ದನ್ನು ಎಷ್ಟೋ ಸಲ ಅವಳೇ ರೋಗಿಯ ಅಂಗೈಗೆ ಇಟ್ಟು ನೀರು ಕುಡಿಸಿದ್ದಳು.

“ಅದರೊಳಗೆ ಇದ್ದದ್ದು ಇಂಥದ್ದೇ, ಅಕ್ಕ,” ಎಂದರು ಮೇಡಂ. “ಹೊಟ್ಟೇನ ಒಂದು ವಾರ್ಡು ಅಂದ್ಕೊಳ್ಳಿ. ಹಾಸಿಗೆ ಎಲ್ಲಾ ಒಳ್ಳೆಯವರೇ ಹಿಡ್ಕೊಂಡಿದ್ರೆ ಕೆಟ್ಟವನು ಬಂದ್ರೂ ಎಲ್ಲಿ ಮಲಗ್ತಾನೆ? ನೀವು ವಾರ್ಡನ್ನೇ ಖಾಲಿ ಮಾಡ್ತಿದೀರಿ. ಖಾಲಿ ಹಾಸಿಗೆಗೆ ಮೊದಲು ಬಂದವನದ್ದೇ ಜಾಗ.”

ಆಮೇಲೆ ಮೇಡಂ ಇನ್ನೂ ಹೇಳಿದರು. ಒಳ್ಳೆಯವು ಬರೀ ಜಾಗ ಹಿಡಿಯುವುದಿಲ್ಲ, ತಿಂದ ಮೇವು ಮೈಗೆ ಹತ್ತುವಂತೆ ಮಾಡುತ್ತವೆ, ಮೀನಿನ ರೋಗನಿರೋಧಕ ಶಕ್ತಿಯನ್ನು ಎಚ್ಚರವಾಗಿ ಇಡುತ್ತವೆ, ಗಾಬರಿಯಾದ ಮೀನು ಬೇಗ ಸುಧಾರಿಸಿಕೊಳ್ಳಲು ನೆರವಾಗುತ್ತವೆ. ಮರಿಯಕ್ಕ ಕೇಳಿಸಿಕೊಂಡಳು, ಒಪ್ಪಲಿಲ್ಲ. ಆದರೆ ಅವರು ಹೋದ ಮೇಲೂ ಆ ಕ್ಯಾಪ್ಸೂಲು ಅವಳ ತಲೆಯಲ್ಲಿ ಉಳಿಯಿತು. ಇಷ್ಟು ವರ್ಷ ಎಷ್ಟು ಜನರ ಕೈಗೆ ಇಟ್ಟಿದ್ದೆ, ಅದರೊಳಗೆ ಏನಿದೆ ಎಂದು ಒಂದು ದಿನವೂ ಕೇಳಲಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಮರುವಾರ ಅವಳೇ ಪುಡಿ ತರಿಸಿದಳು. ಆದರೆ ಸುಮ್ಮನೆ ನಂಬುವ ಜಾತಿಯಲ್ಲ ಅವಳದ್ದು. ಎರಡು ತೊಟ್ಟಿ ಇವೆಯಲ್ಲ, ಬಲಗಡೆಯದಕ್ಕೆ ಪುಡಿ ಬೆರೆಸಿದ ಮೇವು, ಎಡಗಡೆಯದಕ್ಕೆ ಬರೀ ಮೇವು, ಉಳಿದದ್ದೆಲ್ಲ ಸಮಸಮ ಎಂದು ಗೊತ್ತು ಮಾಡಿದಳು. ಒಂದು ತಿಂಗಳು ಹೀಗೆ ನಡೆಸಿ, ಎರಡರಿಂದಲೂ ನೂರು ನೂರು ಮರಿ ಬಲೆ ಹಾಕಿ ಹಿಡಿದು, ಬೇರೆ ಬೇರೆ ಬಲೆ ತೊಟ್ಟಿಲಿನಲ್ಲಿಟ್ಟು, ಮೂರು ದಿನ ಬಿಟ್ಟು ಎಣಿಸುವುದು. ಮೇಡಂ ಇದಕ್ಕಿಂತ ಒಳ್ಳೆಯ ಪರೀಕ್ಷೆ ತಮಗೂ ತೋಚುತ್ತಿರಲಿಲ್ಲ ಎಂದರು.

ತಿಂಗಳು ಕಳೆಯಿತು. ಮೂರನೆಯ ದಿನ ಎಣಿಸಿದಾಗ ಎಡಗಡೆಯವು ಹತ್ತೊಂಬತ್ತು ಸತ್ತಿದ್ದವು, ಬಲಗಡೆಯವು ಹದಿನೆಂಟು.

ಮರಿಯಕ್ಕನಿಗೆ ಗೆದ್ದೆ ಎನಿಸಬೇಕಿತ್ತು. ಗೆದ್ದದ್ದೇನೋ ನಿಜ, ಮೇಡಂ ಎದುರು ಸತ್ತ ಮರಿಗಳ ಎರಡೂ ಬಟ್ಟಲು ಇಟ್ಟು ನೋಡಿ ಎಂದದ್ದೂ ನಿಜ. ಆದರೆ ಗೆದ್ದವಳ ಮುಖ ಅದಾಗಿರಲಿಲ್ಲ. ತಮ್ಮನೋ ಹೊಂಡ ಸರಿ ಮಾಡಿಕೊಂಡು ಕಾಯುತ್ತಿದ್ದ. ಈ ಮರಿಗಳನ್ನು ಕಳಿಸಿದರೆ ಅದೇ ಹಸಿರು ಬಕೆಟ್ಟು ಮತ್ತೆ ಮೆಟ್ಟಿಲಿಗೆ ಬರುತ್ತದೆ, ಆಮೇಲೆ ಅವನು ಬರುವುದಿಲ್ಲ. ಪುಡಿ ಕೆಲಸ ಮಾಡಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಗ ಮೊದಲ ಸಲ ಅನ್ನಿಸಿತು, ಮತ್ತು ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮೇಡಂ ಬಟ್ಟಲುಗಳನ್ನು ನೋಡಿದರು. ಪ್ಯಾಕೆಟ್‌ನ ಮೇಲಿನ ದಿನಾಂಕ ನೋಡಿದರು, ಸರಿಯಾಗಿತ್ತು. ಪ್ಯಾಕೆಟ್ ಇಟ್ಟಿದ್ದ ಜಾಗ ನೋಡಿದರು. ಒಲೆಯ ಮೇಲಿನ ಹಲಗೆ. ಹೂಂ ಎಂದರು. ಕೊನೆಗೆ, ದಿನಾ ಮೇವು ಹೇಗೆ ಮಾಡುತ್ತೀರೋ ಹಾಗೆಯೇ, ಒಂದೂ ಬಿಡದೆ ನನ್ನೆದುರು ಮಾಡಿ ತೋರಿಸಿ ಎಂದು ಕೇಳಿಕೊಂಡರು.

ಮರಿಯಕ್ಕ ಒಲೆ ಹಚ್ಚಿದಳು. ನೀರು ಕುದಿಯಿತು. ತೌಡು ಹಾಕಿದಳು, ಹಿಂಡಿ ಹಾಕಿದಳು, ಗಂಟಾಗದಂತೆ ತಿರುವಿದಳು. ಅದು ಕೊತಕೊತ ಎನ್ನುವಾಗ ಪ್ಯಾಕೆಟ್ ತೆಗೆದು, ಚಮಚದಲ್ಲಿ ಅಳೆದು, ಒಂದು ಕಾಳೂ ಚೆಲ್ಲದಂತೆ ಪುಡಿ ಸುರಿದಳು. ಮುಚ್ಚಳ ಮುಚ್ಚಿದಳು. ಪುಡಿ ಎಲ್ಲಿಂದ ಬಂದಿದೆಯೋ, ಯಾರ ಕೈ ಮುಟ್ಟಿದೆಯೋ, ಹತ್ತು ನಿಮಿಷ ಚೆನ್ನಾಗಿ ಬೇಯಲಿ ಎಂದಳು.

ಟೈಲರು ಅಷ್ಟು ಹೊತ್ತಿಗೆ ಹಾಲಿನ ಪಾತ್ರೆ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದಿದ್ದ. ಕಾಯಿಸಿದ ಹಾಲನ್ನು ಗಾಳಿಗೆ ಇಟ್ಟು ಆರಿಸುವುದು ಅವನ ದಿನದ ರೂಢಿ. ಗೂಡಿನ ಹೊಸ್ತಿಲು ದಾಟುವಂತಿಲ್ಲವಲ್ಲ, ಹೊರಗೇ ನಿಂತು ನೋಡಿದ. ಅವನು ಹೆಚ್ಚು ಮಾತಿನವನಲ್ಲ.

“ಅಷ್ಟು ಬಿಸೀಲಿ ಹೆಪ್ಪು ಹಾಕಿದ್ರೆ ಮೊಸರಾಗಲ್ಲ ಕಣೇ,” ಎಂದ.

ಮೇಡಂ ಕೈಯಲ್ಲಿದ್ದ ಪೆನ್ನು ಜೇಬಿಗೆ ಹಾಕಿಕೊಂಡರು. ನಾನು ತಿಂಗಳ ಹಿಂದೆಯೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನನ್ನದೂ ಹೌದು ಎಂದರು. ಪುಡಿಯಲ್ಲಿರುವುದು ಜೀವ ಇರುವ ವಸ್ತು. ಕೆಲವು ಜಾತಿಯವು ಸ್ವಲ್ಪ ಬಿಸಿ ತಡೆಯುತ್ತವೆ, ಆದರೆ ಈ ಪ್ಯಾಕೆಟ್‌ನವು ತಡೆಯುವುದಿಲ್ಲ. ಕುದಿಯುವ ಪಾತ್ರೆಗೆ ಬಿದ್ದರೆ ಅಲ್ಲೇ ಮುಗಿಯಿತು. ಬ್ಲೀಚಿಂಗ್ ಬಿದ್ದ ನೀರಿನಲ್ಲೂ ಅವಕ್ಕೆ ಉಳಿಗಾಲವಿಲ್ಲ.

ಮರಿಯಕ್ಕ ಒಲೆ ಆರಿಸಿದಳು. ಸೌಟನ್ನು ಮೊಳೆಗೆ ಹಾಕಿದಳು. ಪಾತ್ರೆಯೊಳಗೆ ಬಗ್ಗಿ ನೋಡಿದಳು.

“ಒಂದು ತಿಂಗಳು ಹೆಣ ತಿನ್ನಿಸಿದ್ದೀನಿ ಹಾಗಾದ್ರೆ,” ಎಂದಳು.

ಅವಳಿಗೆ ನಾಚಿಕೆಯಾಯಿತು. ಹೇಳಿಕೊಳ್ಳದಿದ್ದರೂ ಆಯಿತು. ಕುದಿಸುವುದು ತಪ್ಪಲ್ಲ, ಅದರಿಂದಲೇ ವಾರ್ಡಿನಲ್ಲಿ ಎಷ್ಟೋ ಜನ ಬದುಕಿಕೊಂಡಿದ್ದರು. ಆದರೆ ಯಾವುದನ್ನು ಕುದಿಸಬೇಕು, ಯಾವುದನ್ನು ಕುದಿಸಬಾರದು ಎಂದು ತಾನು ಯಾವತ್ತೂ ಯೋಚಿಸಿರಲೇ ಇಲ್ಲ ಎನ್ನುವುದು ಅವಳನ್ನು ಕೊರೆಯಿತು. ಅದೂ ಮೂವತ್ತು ವರ್ಷದಿಂದ ಅದೇ ಮನೆಯಲ್ಲಿ, ಅದೇ ಅಡುಗೆಮನೆಯಲ್ಲಿ, ಗಂಡನೊಬ್ಬ ದಿನಾ ಹಾಲಿಗೆ ಬೆರಳಿಟ್ಟು ನೋಡುತ್ತಿದ್ದಾಗ.

ಮರುದಿನದಿಂದ ಲೆಕ್ಕ ಮೊದಲಿನಿಂದ ಶುರುವಾಯಿತು. ಎರಡೂ ತೊಟ್ಟಿಗೆ ಬ್ಲೀಚಿಂಗ್ ನಿಂತಿತು. ತಮ್ಮನಿಗೆ ಇನ್ನೂ ಒಂದು ತಿಂಗಳು ಕಾಯಲು ಹೇಳಿ ಕಳಿಸಿದಳು. ಅವನು ಸರಿ ಎಂದ, ಆದರೆ ಆ ಸರಿ ಬಹಳ ತೆಳ್ಳಗಿತ್ತು ಎಂದು ಹೋಗಿ ಬಂದ ಟೈಲರು ವರದಿ ಕೊಟ್ಟ. ಇಟ್ಟಿಗೆ ಗೂಡಿನ ಹತ್ತಿರ ಬೇರೊಬ್ಬ ಮರಿ ಮಾರುವವನು ಓಡಾಡಿದ್ದಾನೆ ಎಂಬ ಸುದ್ದಿಯನ್ನೂ ತಂದ. ಅದನ್ನು ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು, ಆದರೆ ಟೈಲರಿಗೆ ಸುಳ್ಳೂ ಬರುವುದಿಲ್ಲ, ಮುಚ್ಚಿಡಲೂ ಬರುವುದಿಲ್ಲ.

ಈ ಸಲ ಪುಡಿಯ ಪ್ಯಾಕೆಟ್ ಒಲೆಯ ಹಲಗೆಯಿಂದ ಇಳಿದು ಒಳಗಿನ ಕೋಣೆಯ ತಣ್ಣಗಿನ ಮೂಲೆಗೆ ಹೋಯಿತು. ಬಾಯಿ ಮಡಚಿ, ತೇವ ತಾಗದ ಡಬ್ಬದಲ್ಲಿ. ಮೇವನ್ನು ಎಂದಿನಂತೆ ಬೇಯಿಸಿ, ಅಗಲವಾದ ತಟ್ಟೆಗೆ ಸುರಿದು, ನೆರಳಿನಲ್ಲಿ ಆರಲು ಬಿಡುವುದು. ಪೂರ್ತಿ ಆರಿದ ಮೇಲೆ, ಪ್ಯಾಕೆಟ್‌ನಲ್ಲಿ ಬರೆದಷ್ಟೇ ಪುಡಿಯನ್ನು ಸ್ವಲ್ಪ ತಣ್ಣೀರಿನಲ್ಲಿ ಕದಡಿ ಮೇವಿಗೆ ಹಚ್ಚಿ ಕಲಸುವುದು. ನೀರಿನಲ್ಲಿ ತೊಳೆದುಹೋಗದಂತೆ ಮೇಲೊಂದು ಹನಿ ಅಡುಗೆ ಎಣ್ಣೆ ಸವರುವುದು. ಕಲಸಿದ್ದನ್ನು ಅವತ್ತೇ ಹಾಕಿ ಮುಗಿಸುವುದು, ನಾಳೆಗೆ ಇಡುವುದಿಲ್ಲ. ತಿನ್ನುವಷ್ಟೇ ಹಾಕುವುದು, ತಳದಲ್ಲಿ ಕೊಳೆಯಲು ಬಿಡುವುದಿಲ್ಲ.

ಆದರೆ ಮೇವು ಆರಿತೋ ಇಲ್ಲವೋ ಹೇಳುವವರು ಯಾರು? ಮರಿಯಕ್ಕನ ಕೈ ಇಪ್ಪತ್ತಾರು ವರ್ಷ ಬಿಸಿನೀರಿನಲ್ಲಿ ಅದ್ದಿ ಅದ್ದಿ ಜಡ್ಡುಗಟ್ಟಿತ್ತು. ಸುಡುವಷ್ಟು ಬಿಸಿಯೂ ಅವಳಿಗೆ ಉಗುರುಬೆಚ್ಚಗೆ. ಮೊದಲ ದಿನ ಅವಳು ಆರಿತು ಎಂದ ಮೇವನ್ನು ಮೇಡಂ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಿದ್ದರು. ಕೊನೆಗೆ ಅವಳು ಬಾಗಿಲಲ್ಲಿ ನಿಂತು ಮುಂದಿನ ಕೋಣೆಯ ಕಡೆ ನೋಡಿ, ರೀ, ಸ್ವಲ್ಪ ಬನ್ನಿ ಇಲ್ಲಿ ಎಂದು ಕರೆದಳು. ಟೈಲರು ಬಂದ. ಮೊಣಕೈವರೆಗೆ ಸೋಪು ಹಾಕಿಸಿ, ಉಗುರು ನೋಡಿ, ತೋಳಿನ ದಾರದ ಚೂರು ಕೊಡವಿ, ಒಳಗೆ ಬಿಟ್ಟಳು. ಮದುವೆಯ ದಿನವೂ ನನ್ನನ್ನು ಇಷ್ಟು ತೊಳೆದಿರಲಿಲ್ಲ ಎಂದು ಅವನು ಮೇಡಂ ಹತ್ತಿರ ಹೇಳಿಕೊಂಡ. ಕಿರುಬೆರಳನ್ನು ಮೇವಿನ ಮಧ್ಯಕ್ಕೆ ಇಳಿಸಿ, ಹಾಲಿಗೆ ಮಾಡುವಂತೆಯೇ ಕಣ್ಣು ಮುಚ್ಚಿಕೊಂಡು ನಿಂತ. ಇನ್ನೂ ಆಗಿಲ್ಲ ಎಂದ. ಅವಳು ಕಾದಳು. ಅಂದಿನಿಂದ ದಿನಾ ಬೆಳಿಗ್ಗೆ ಅವನ ಬೆರಳು ಹೂಂ ಅನ್ನುವವರೆಗೆ ಪುಡಿಯ ಡಬ್ಬ ತೆರೆಯುವಂತಿಲ್ಲ ಎಂದಾಯಿತು.

ಎಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಎರಡನೆಯ ವಾರ ತೊಟ್ಟಿಯ ಗೋಡೆಗೆ ತೆಳ್ಳಗೆ ಹಸಿರು ಪಾಚಿ ಹತ್ತಿತು. ಅದನ್ನು ನೋಡಿ ಮರಿಯಕ್ಕನ ಕೈ ಸುಮ್ಮನಿರಲಿಲ್ಲ. ಬ್ಲೀಚಿಂಗ್ ಡಬ್ಬ ತಂದಳು, ಮುಚ್ಚಳ ತೆಗೆದಳು, ತೊಟ್ಟಿಯ ಅಂಚಿನಲ್ಲಿ ನಿಂತಳು. ಮರಿಗಳು ಮೇವು ಬಂತೆಂದು ಅವಳ ನೆರಳಿನ ಕಡೆ ಬಂದವು. ಅವಳು ಅಲ್ಲೇ ನಿಂತು ಯೋಚಿಸಿದಳು. ವಾರ್ಡು ಖಾಲಿ ಮಾಡಬೇಡಿ ಎಂದಿದ್ದರು ಮೇಡಂ. ಡಬ್ಬದ ಮುಚ್ಚಳ ಹಾಕಿ ವಾಪಸು ಇಟ್ಟು, ಒಂದು ಬ್ರಷ್ ತೆಗೆದುಕೊಂಡು ಗೋಡೆಯನ್ನು ಮೆಲ್ಲಗೆ ಉಜ್ಜಿದಳು. ತಳದ ಕಸ ಪೈಪಿನಲ್ಲಿ ಎಳೆದು, ತೊಟ್ಟಿಯ ಸ್ವಲ್ಪ ನೀರು ಬದಲಿಸಿದಳು. ಅಭ್ಯಾಸ ಬಿಡುವುದು ಎಷ್ಟು ಕಷ್ಟವೆಂದು ಅವಳಿಗೆ ಅವತ್ತು ಗೊತ್ತಾಯಿತು.

ತಿಂಗಳು ತುಂಬಿತು. ಮತ್ತೆ ಬಲೆ, ಮತ್ತೆ ನೂರು ನೂರು ಮರಿ, ಮತ್ತೆ ಮೂರು ದಿನ. ಎಣಿಸುವಾಗ ಮೇಡಂ ಇದ್ದರು, ಟೈಲರು ಇದ್ದ. ಬರೀ ಮೇವಿನ ತೊಟ್ಟಿಯವು ಹದಿನೇಳು ಸತ್ತಿದ್ದವು. ಪುಡಿ ತಿಂದವು ಐದು. ಮರಿಯಕ್ಕ ಮೂರು ಸಲ ಎಣಿಸಿದಳು. ನಾಲ್ಕನೆಯ ಸಲಕ್ಕೆ ಬಗ್ಗಿದಾಗ ಟೈಲರು, ಸಾಕು ಬಿಡೇ, ಎಣಿಸಿ ಎಣಿಸಿ ಉಳಿದವೂ ಗಾಬರಿಯಾಗುತ್ತವೆ ಎಂದ.

ಮೇಡಂ ಹಿಗ್ಗಲಿಲ್ಲ, ಎಚ್ಚರಿಕೆಯನ್ನೇ ಹೇಳಿದರು. ಎಲ್ಲ ತೊಟ್ಟಿಯಲ್ಲೂ ಇಷ್ಟೇ ಫಲ ಸಿಗುತ್ತದೆಂದು ಇಲ್ಲ, ಹೆಚ್ಚೂ ಕಡಿಮೆ ಆಗುತ್ತದೆ. ರೋಗ ಬಂದು ಮಲಗಿದ ಮೀನಿಗೆ ಇದು ಔಷಧಿಯಲ್ಲ. ನೀರು ಕೆಟ್ಟಿದ್ದರೆ, ಮರಿ ಕಿಕ್ಕಿರಿದಿದ್ದರೆ ಯಾವ ಪುಡಿಯೂ ಕಾಪಾಡುವುದಿಲ್ಲ. ಮರಿಯಕ್ಕ ಇದನ್ನೆಲ್ಲ ಗಮನವಿಟ್ಟು ಕೇಳಿಸಿಕೊಂಡಳು. ಐದು ಸತ್ತವಲ್ಲ, ಅವೂ ಯಾಕೆ ಸತ್ತವು ಎಂದು ಕೇಳಿದಳು. ಮೇಡಂ ಎಲ್ಲದಕ್ಕೂ ಉತ್ತರ ಇಲ್ಲ ಅಕ್ಕ ಎಂದರು. ಆ ಮಾತಿನಿಂದ ಮೇಡಂ ಮೇಲೆ ಅವಳಿಗೆ ಇನ್ನಷ್ಟು ನಂಬಿಕೆ ಬಂತು.

ಪುಡಿ ತಿಂದ ತೊಟ್ಟಿಯ ಮರಿಗಳು ಇಟ್ಟಿಗೆ ಹೊಂಡಕ್ಕೆ ಹೊರಟವು. ಹಿಂದಿನ ದಿನ ಮೇವು ನಿಲ್ಲಿಸಿ ಹೊಟ್ಟೆ ಖಾಲಿ ಬಿಟ್ಟಿದ್ದರು. ಬೆಳಗಿನ ತಂಪಿನಲ್ಲಿ ಹಿಡಿದು, ಆಮ್ಲಜನಕ ತುಂಬಿದ ಚೀಲಗಳಲ್ಲಿ ಕಳಿಸಿದರು. ಹೊಂಡದಲ್ಲಿ ಚೀಲಗಳನ್ನು ಸ್ವಲ್ಪ ಹೊತ್ತು ತೇಲಿಬಿಟ್ಟು, ಎರಡೂ ನೀರಿನ ಬಿಸಿ ಒಂದಾದ ಮೇಲೆ ಬಾಯಿ ಬಿಚ್ಚಿದರು. ತಮ್ಮ ಭರವಸೆ ಕೇಳಲಿಲ್ಲ. ಮರಿಯಕ್ಕನೂ ಭರವಸೆ ಕೊಡಲಿಲ್ಲ. ಹೋದ ಸಲ ಎದೆ ತಟ್ಟಿಕೊಂಡು ಕೊಟ್ಟಿದ್ದು ಅವಳಿಗೆ ನೆನಪಿತ್ತು.

ಮೊದಲ ದಿನ ಅವಳು ಫೋನ್ ಮಾಡಲಿಲ್ಲ. ಎರಡನೆಯ ದಿನ ಫೋನು ಕೈಗೆತ್ತಿಕೊಂಡು ಇಟ್ಟಳು. ಮೂರನೆಯ ದಿನ ಬೆಳಿಗ್ಗೆ ಎದ್ದವಳೇ ಮೆಟ್ಟಿಲು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಟೈಲರು ಯಂತ್ರದ ಮುಂದೆ ಕೂತಿದ್ದ, ಆದರೆ ಯಂತ್ರದ ಸದ್ದು ಕೇಳುತ್ತಿರಲಿಲ್ಲ.

ಬೀದಿಯ ತಿರುವಿನಲ್ಲಿ ತಮ್ಮ ಬರುವುದು ಕಂಡಿತು. ಕೈಯಲ್ಲಿ ಹಸಿರು ಬಕೆಟ್ಟು. ಮುಚ್ಚಳ ಮುಚ್ಚಿತ್ತು.

ಮರಿಯಕ್ಕ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗಿಟ್ಟಳು. ಒಳಗೆ ಹೋಗಿಬಿಡೋಣ ಎನ್ನಿಸಿತು, ಹೋಗಲಿಲ್ಲ. ಎರಡು ತಿಂಗಳು, ಒಂದು ತೊಟ್ಟಿ ಮರಿ, ತನ್ನ ಹಟ, ಎಲ್ಲ ಆ ಬಕೆಟ್ಟಿನಲ್ಲಿದೆ ಎನ್ನಿಸಿತು. ತಮ್ಮ ಬಂದು ಅದೇ ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟ. ಅವಳು ಅದರ ಕಡೆ ನೋಡಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ.

“ಎಷ್ಟು?” ಎಂದಳು.

“ಏಳು ಹೋದ್ವು, ಅಕ್ಕ,” ಎಂದ ತಮ್ಮ. “ದಡ ಎಲ್ಲಾ ಸುತ್ತಿ ನೋಡ್ದೆ. ಉಳಿದವು ಹೊತ್ತು ಹುಟ್ಟೋ ಮೊದಲೇ ಮೇವಿಗೆ ಬಂದು ನಿಂತಿದ್ವು.”

ಅವನೇ ಮುಚ್ಚಳ ತೆಗೆದ. ಬಕೆಟ್ಟು ಖಾಲಿ. ತಳದವರೆಗೆ ಒಣಗಿತ್ತು.

“ಮೇವು ಕಲಸೋದು ತೋರಿಸ್ಕೊಡು ಅಂತ ತಂದೆ,” ಎಂದ. “ನನ್ನ ಹತ್ರ ಬೇರೆ ಬಕೆಟ್ಟು ಇಲ್ಲ.”

ಮರಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತಳೋ ಇಲ್ಲವೋ ನಾನು ಹೇಳುವುದಿಲ್ಲ, ಟೈಲರನ್ನು ಕೇಳಿದರೆ ಹೇಳಿಬಿಡುತ್ತಾನೆ. ಆಮೇಲೆ ಅವಳು ತಮ್ಮನ ಕಾಲು ನೋಡಿದಳು, ಇಟ್ಟಿಗೆ ಗೂಡಿನ ಕೆಂಪು ಮಣ್ಣು ಮೊಣಕಾಲವರೆಗೆ. ಮೊದಲು ತೊಳ್ಕೊಂಡು ಬಾ ಎಂದಳು. ಹೊಲಿಗೆ ಕೋಣೆಯ ಕಡೆ ತಿರುಗಿ, ಹೇಗೆ ಬೆರಳಿಡೋದು ಅಂತ ನೀವೇ ಹೇಳಿಕೊಡಿ ಅವನಿಗೆ, ನನಗೆ ಗೊತ್ತಾಗಲ್ಲ ಎಂದಳು. ಮೂವತ್ತು ವರ್ಷದಲ್ಲಿ ನನಗೆ ಗೊತ್ತಾಗಲ್ಲ ಎಂಬ ಮಾತು ಆ ಮನೆಯಲ್ಲಿ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಇಷ್ಟು ಹೊತ್ತು ಕುಳಿತು ಕೇಳಿದ ನಿಮಗೂ ಒಂದು ಮಾತು. ನಿಮ್ಮ ಮನೆಯ ಹಿಂದೆಯೂ ಒಂದು ತೊಟ್ಟಿ ಇರಬಹುದು, ಊರಾಚೆ ಒಂದು ಹೊಂಡ ಇರಬಹುದು. ನೀರು ಚೊಕ್ಕ ಇಡಿ, ಮರಿ ಕಿಕ್ಕಿರಿಯದಂತೆ ನೋಡಿಕೊಳ್ಳಿ. ಆದರೆ ಕಂಡ ಕ್ರಿಮಿಯನ್ನೆಲ್ಲ ಕೊಲ್ಲಲು ಹೊರಡಬೇಡಿ, ಅದರಲ್ಲಿ ನಿಮ್ಮ ಮೀನನ್ನು ಕಾಯುವವೂ ಇವೆ. ಮೀನಿಗೆ ಹುಷಾರಿಲ್ಲದಾಗ ಅಂಗಡಿಯವರು ಕೊಟ್ಟ ಔಷಧಿ ಸುರಿಯುವ ಬದಲು ಮೀನುಗಾರಿಕೆ ಅಧಿಕಾರಿಯನ್ನು ಕೇಳಿ. ಪ್ರೋಬಯಾಟಿಕ್ ಪುಡಿ ಕೊಳ್ಳುವಾಗ ದಿನಾಂಕ ನೋಡಿ, ಬರೆದಷ್ಟೇ ಹಾಕಿ, ತಂಪಿನಲ್ಲಿಡಿ. ಬ್ಲೀಚಿಂಗ್ ಆಗಲಿ, ಆಂಟಿಬಯಾಟಿಕ್ ಆಗಲಿ ಅದರ ಜೊತೆಗೆ ಬೇಡ.

ನಿಮ್ಮ ಮೀನಿಗೆ ಬಲೆ ಬೀಳುವ ದಿನ ಯಾವುದು? ಅಲ್ಲಿಂದ ಒಂದು ತಿಂಗಳು ಹಿಂದಕ್ಕೆ ಎಣಿಸಿ, ಅವತ್ತೇ ಶುರು ಮಾಡಿ. ಪುಡಿಯ ಡಬ್ಬ ತೆರೆಯುವ ಮೊದಲು ಮೇವಿಗೆ ಕಿರುಬೆರಳು ಇಟ್ಟು ನೋಡಿ. ಬೆರಳು ಬೇಡ ಎಂದರೆ ಕಾಯಿರಿ.